ಚಂದ್ರನಿಗೆ ಡೀಸೆಲ್ ಹಾಕುವವರು ಯಾರು?

ಪ್ರಶ್ನೆ: ನಾನು ಮಲ್ಪೆಯಲ್ಲಿ ಮೀನುಗಾರಿಕೆ ಬೋಟುಗಳ ಲೆಕ್ಕ ಬರೆಯುವವನು. ನಮ್ಮ ತಾರಸಿಯ ಡಿಶ್ ವರ್ಷವಿಡೀ ಒಂದೇ ಕಡೆ ಮುಖ ಮಾಡಿ ನಿಂತಿರುತ್ತದೆ. ಆದರೆ ಉಪಗ್ರಹಗಳು ಸುತ್ತುತ್ತಲೇ ಇರುತ್ತವೆ ಎನ್ನುತ್ತಾರೆ. ಎಂಟನೆಯ ತರಗತಿಯ ಮಗಳು ಮೊನ್ನೆ ಕೇಳಿದಳು: "ಬೋಟು ಹತ್ತು ದಿನ ಕಡಲಿನಲ್ಲಿರಬೇಕಾದರೆ ಸಾವಿರಾರು ಲೀಟರ್ ಡೀಸೆಲ್ ಬೇಕು. ವರ್ಷಗಟ್ಟಲೆ ಸುತ್ತುವ ಉಪಗ್ರಹಕ್ಕೆ ಡೀಸೆಲ್ ಹಾಕುವವರು ಯಾರು? ಚಂದ್ರನಿಗೆ ಯಾರು?" ಮೇಲೆ ಗುರುತ್ವಾಕರ್ಷಣೆ ಇಲ್ಲ, ಆದ್ದರಿಂದ ಬೀಳುವುದಿಲ್ಲ ಎಂದೆ. "ಹಾಗಾದರೆ ಚಂದ್ರ ನಮ್ಮ ಕಡಲನ್ನು ಎಳೆಯುವುದು ಹೇಗೆ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಬಿಡಿಸಿ ಹೇಳುವಿರಾ, ಸರ್?

ಉತ್ತರ: ವಾದದಲ್ಲಿ ಮಗಳು ಗೆದ್ದಿದ್ದಾಳೆ. ಅದನ್ನು ಮೊದಲು ಅವಳೆದುರು ಒಪ್ಪಿಕೊಂಡುಬಿಡಿ. ನಿಮ್ಮ ಉತ್ತರ ನಿಮ್ಮೊಬ್ಬರದೇನೂ ಅಲ್ಲ. ಬಾಹ್ಯಾಕಾಶ ಯಾನಿಗಳು ತೇಲಾಡುವ ವಿಡಿಯೋ ನೋಡಿದವರಲ್ಲಿ ಹೆಚ್ಚಿನವರು ಹಾಗೆಯೇ ತಿಳಿದುಕೊಂಡಿರುತ್ತಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ನೆಲದಿಂದ ಸುಮಾರು 400 ಕಿಲೋಮೀಟರ್ ಮೇಲೆ. ಮಂಗಳೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಆಗುವ ದೂರಕ್ಕಿಂತ ತುಸು ಹೆಚ್ಚು, ಅಷ್ಟೆ. ಭೂಮಿಯ ಕೇಂದ್ರದಿಂದ ನಾವೇ 6,371 ಕಿಲೋಮೀಟರ್ ದೂರದಲ್ಲಿ ಕುಳಿತಿದ್ದೇವೆ. ಅದಕ್ಕೆ ಇನ್ನೊಂದು 400 ಕೂಡಿಸಿದ ಮಾತ್ರಕ್ಕೆ ಎಳೆತ ಮಾಯವಾಗಲು ಕಾರಣವಿಲ್ಲ. ಇಲ್ಲಿ ನೂರು ಪಾಲಿದ್ದರೆ ಅಲ್ಲಿ 89 ಪಾಲು ಇದೆ. ಅಷ್ಟು ಎತ್ತರದ ಗೋಪುರ ಕಟ್ಟಿ, ತುದಿಯಲ್ಲಿ ತೂಕದ ಯಂತ್ರವಿಟ್ಟು ಹತ್ತಿ ನಿಂತರೆ ಇಲ್ಲಿ 60 ಕಿಲೋ ಇರುವವರು ಅಲ್ಲಿ 53 ಕಿಲೋ ತೂಗುತ್ತಾರೆ. ತೇಲುವ ಮಾತೇ ಇಲ್ಲ.

ಹಾಗಾದರೆ ನಿಲ್ದಾಣ ಬೀಳುವುದಿಲ್ಲವೇಕೆ? ಬೀಳುತ್ತಿದೆ. ಈ ಕ್ಷಣದಲ್ಲಿಯೂ ಬೀಳುತ್ತಿದೆ. ಚಂದ್ರನೂ ಬೀಳುತ್ತಿದ್ದಾನೆ, ನಿಮ್ಮ ಡಿಶ್‌ಗೆ ಧಾರಾವಾಹಿ ಕಳುಹಿಸುವ ಉಪಗ್ರಹವೂ ಬೀಳುತ್ತಿದೆ. ಇಂಧನ, ಕಕ್ಷೆ, ವೇಗ ಎಲ್ಲವನ್ನೂ ಆಮೇಲೆ ನೋಡೋಣ. ಈ ಒಂದು ಮಾತು ಮನಸ್ಸಿಗೆ ಇಳಿಯದೆ ಉಳಿದದ್ದು ಯಾವುದೂ ಇಳಿಯುವುದಿಲ್ಲ.

ನಮ್ಮ ಅಂಗಳದಲ್ಲಿ ಒಂದು ಬಾವಿ ಇದೆ. ಬೇಸಿಗೆಯಲ್ಲಿ ಅದರ ನೀರು ಕಟ್ಟೆಯಿಂದ ಸುಮಾರು ಐದು ಮೀಟರ್ ಕೆಳಗಿರುತ್ತದೆ. ಕಟ್ಟೆಯ ಮೇಲಿನಿಂದ ಒಂದು ಕಲ್ಲನ್ನು ಸುಮ್ಮನೆ ಕೈಬಿಟ್ಟರೆ, ಬಿಟ್ಟ ಕ್ಷಣದಿಂದ ಸರಿಯಾಗಿ ಒಂದು ಸೆಕೆಂಡಿಗೆ ಬುಳುಕ್ ಎನ್ನುತ್ತದೆ. ಮೊದಲ ಸೆಕೆಂಡಿನಲ್ಲಿ 4.9 ಮೀಟರ್, ಕಲ್ಲು ದೊಡ್ಡದಿರಲಿ, ಚಿಕ್ಕದಿರಲಿ, ಲೆಕ್ಕ ಅದೇ. ಈಗ ಅದೇ ಕಲ್ಲನ್ನು ಬಾವಿಗೆ ಬಿಡುವ ಬದಲು ಅಡ್ಡಕ್ಕೆ ಎಸೆಯಿರಿ. ಎಷ್ಟೇ ಜೋರಾಗಿ ಎಸೆದರೂ ಒಂದು ಸೆಕೆಂಡಿನಲ್ಲಿ ಅದು ಕೆಳಗಿಳಿಯುವುದು ಆ ಐದು ಮೀಟರನ್ನೇ. ಅಡ್ಡಕ್ಕೆ ಹೋಗುವ ವೇಗ ಇಳಿಯುವ ಲೆಕ್ಕವನ್ನು ಮುಟ್ಟುವುದಿಲ್ಲ.

ಭೂಮಿ ಚಪ್ಪಟೆಯಾಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮಲ್ಪೆಯ ಮರಳಿನಲ್ಲಿ ನಿಂತವರ ಕಣ್ಣಿಗೆ ಕಡಲು ಸುಮಾರು ನಾಲ್ಕೂವರೆ ಕಿಲೋಮೀಟರಿಗೆ ಮುಗಿದುಹೋಗುತ್ತದೆ. ಅದರಾಚೆಗಿನ ಬೋಟಿನ ಒಡಲು ಕಾಣದೆ ಕ್ಯಾಬಿನ್ನಿನ ಮೇಲ್ಭಾಗ ಮಾತ್ರ ಕಾಣುವುದನ್ನು ನೀವು ದಿನಾ ನೋಡುತ್ತೀರಿ. ನೀರೇ ಕೆಳಕ್ಕೆ ಬಾಗುತ್ತಾ ಹೋಗುತ್ತದೆ. ಎಷ್ಟು ಬಾಗುತ್ತದೆ? ಇಲ್ಲಿಂದ ಸರಿಮಟ್ಟಕ್ಕೆ ಒಂದು ಗೆರೆ ಎಳೆದರೆ, ಎಂಟು ಕಿಲೋಮೀಟರ್ ಆಚೆ ಕಡಲು ಆ ಗೆರೆಗಿಂತ ಐದು ಮೀಟರ್ ಕೆಳಗಿರುತ್ತದೆ. ನಮ್ಮ ಬಾವಿಯ ಅದೇ ಐದು ಮೀಟರ್.

ಈಗ ಐಸಾಕ್ ನ್ಯೂಟನ್ ಕಲ್ಪಿಸಿಕೊಂಡ ಫಿರಂಗಿಯನ್ನು ನಮ್ಮ ಕುದುರೆಮುಖದ ತುದಿಗೆ ಹೊತ್ತು ತರೋಣ. ಗಾಳಿಯ ತಡೆಯನ್ನೂ ಭೂಮಿಯ ತಿರುಗಾಟವನ್ನೂ ಸದ್ಯಕ್ಕೆ ಮರೆಯೋಣ. ಪಶ್ಚಿಮಕ್ಕೆ ಮುಖ ಮಾಡಿ ಹೊಡೆದರೆ ಮೊದಲ ಗುಂಡು ಘಟ್ಟದ ಬುಡದ ಅಡಿಕೆ ತೋಟಕ್ಕೆ ಬೀಳುತ್ತದೆ. ಮದ್ದು ಹೆಚ್ಚಿಸಿದರೆ ಸುರತ್ಕಲ್ಲಿನ ಮರಳಿಗೆ, ಇನ್ನೂ ಹೆಚ್ಚಿಸಿದರೆ ಅರಬ್ಬೀ ಸಮುದ್ರಕ್ಕೆ, ಮತ್ತೂ ಹೆಚ್ಚಿಸಿದರೆ ಆಫ್ರಿಕಾಕ್ಕೆ. ವೇಗ ಸೆಕೆಂಡಿಗೆ 7.9 ಕಿಲೋಮೀಟರ್ ಮುಟ್ಟಿದಾಗ, ಒಂದು ಸೆಕೆಂಡಿನಲ್ಲಿ ಗುಂಡು ಐದು ಮೀಟರ್ ಬೀಳುವಷ್ಟರಲ್ಲಿ ಅದರ ಕೆಳಗಿನ ನೆಲವೂ ಐದು ಮೀಟರ್ ಬಾಗಿರುತ್ತದೆ. ಎತ್ತರ ಇದ್ದಷ್ಟೇ ಉಳಿಯಿತು. ಮುಂದಿನ ಸೆಕೆಂಡೂ ಹಾಗೆಯೇ, ಅದರ ಮುಂದಿನದೂ. ಸುಮಾರು 84 ನಿಮಿಷಗಳ ಬಳಿಕ ಗುಂಡು ಬೆಂಗಳೂರಿನ ಕಡೆಯಿಂದ ಬಂದು ಫಿರಂಗಿಯ ಬೆನ್ನಿಗೆ ಬಡಿಯುತ್ತದೆ. ಗುರಿಕಾರ ಅಷ್ಟರೊಳಗೆ ಅದನ್ನು ಬದಿಗೆ ಸರಿಸಿದ್ದರೆ ಗುಂಡು ಎರಡನೆಯ ಸುತ್ತಿಗೆ ಹೊರಡುತ್ತದೆ. ಕಕ್ಷೆ ಎಂದರೆ ಇದೇ. ವೇಗ ಇನ್ನೂ ಏರಿಸಿದರೆ ದಾರಿ ಉದ್ದುದ್ದನೆಯ ದೀರ್ಘವೃತ್ತವಾಗುತ್ತದೆ, ಸೆಕೆಂಡಿಗೆ 11.2 ಕಿಲೋಮೀಟರ್ ಮುಟ್ಟಿದರೆ ಗುಂಡು ಭೂಮಿಗೆ ಮರಳುವುದೇ ಇಲ್ಲ.

ಚಂದ್ರನ ಲೆಕ್ಕ ಇದಕ್ಕಿಂತಲೂ ಚೆಂದ. ಅವನು ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ; ಭೂಮಿಯ ತ್ರಿಜ್ಯದ ಸುಮಾರು 60 ಪಟ್ಟು. ದೂರ 60 ಪಟ್ಟಾದರೆ ಎಳೆತ 60ರ ವರ್ಗದಷ್ಟು, ಎಂದರೆ 3,600 ಪಾಲಿಗೆ ಒಂದು ಪಾಲಾಗಿ ಇಳಿಯುತ್ತದೆ. ಆದ್ದರಿಂದ ಚಂದ್ರ ಒಂದು ಸೆಕೆಂಡಿನಲ್ಲಿ ನಮ್ಮ ಕಡೆಗೆ ಬೀಳುವುದು 1.4 ಮಿಲಿಮೀಟರಿಗೂ ಕಡಿಮೆ, ಒಂದು ಕುಚ್ಚಲಕ್ಕಿ ಕಾಳಿನ ದಪ್ಪವೂ ಇಲ್ಲ. ಆದರೆ ಬೀಳುವ ದೂರ ಕಾಲದ ವರ್ಗದಂತೆ ಬೆಳೆಯುತ್ತದೆ. ಒಂದು ಸೆಕೆಂಡಿನ ಬದಲು 60 ಸೆಕೆಂಡು ಬಿಟ್ಟರೆ 3,600 ಪಟ್ಟು. ಹೀಗಾಗಿ ನಮ್ಮ ಬಾವಿಯಲ್ಲಿ ಕಲ್ಲು ಒಂದು ಸೆಕೆಂಡಿನಲ್ಲಿ ಬಿದ್ದಷ್ಟನ್ನೇ ಚಂದ್ರ ಒಂದು ನಿಮಿಷದಲ್ಲಿ ಬೀಳುತ್ತಾನೆ: ಐದು ಮೀಟರ್. ಅದೇ ಒಂದು ನಿಮಿಷದಲ್ಲಿ ಅವನು ಅಡ್ಡಕ್ಕೆ ಓಡುವುದು ಸುಮಾರು 61 ಕಿಲೋಮೀಟರ್. ಮಂಗಳೂರಿನಿಂದ ಉಡುಪಿಗೆ ಬಂದು ಸೇರುವಷ್ಟು ದೂರ ಹೋಗಿ, ಒಂದು ಬಾವಿಯ ಆಳದಷ್ಟು ಇಳಿಯುತ್ತಾನೆ. ಅವನ ದಾರಿ ಬಾಗಿ ಬಾಗಿ 27.3 ದಿನಕ್ಕೆ ಒಂದು ಸುತ್ತಾಗಲು ಅಷ್ಟು ಸಾಕು. ಕಲ್ಲನ್ನು ಎಳೆಯುವುದೂ ಚಂದ್ರನನ್ನು ಎಳೆಯುವುದೂ ಒಂದೇ ಎಂದು ನ್ಯೂಟನ್‌ಗೆ ಧೈರ್ಯ ಕೊಟ್ಟದ್ದು ಈ ತಾಳೆ. ತರಗತಿಯಲ್ಲಿ ಇದನ್ನು ಕರಿಹಲಗೆಯ ಮೇಲೆ ಬಿಡಿಸುವಾಗಲೆಲ್ಲ ನನಗೆ ರೋಮಾಂಚನವಾಗುತ್ತಿತ್ತು. ಹುಡುಗರಿಗೆ ಆಗುತ್ತಿತ್ತೋ ಇಲ್ಲವೋ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. "ಕೇಂದ್ರಾಭಿಮುಖ ಬಲವೂ (ಒಳಕ್ಕೆ ಎಳೆಯುವುದು) ಕೇಂದ್ರಾಪಗಾಮಿ ಬಲವೂ (ಹೊರಕ್ಕೆ ತಳ್ಳುವುದು) ಸಮವಾಗಿರುವುದರಿಂದ ಉಪಗ್ರಹ ಬೀಳುವುದಿಲ್ಲ" ಎಂಬ ವಾಕ್ಯವನ್ನು ನಾನೂ ವರ್ಷಗಟ್ಟಲೆ ಮಕ್ಕಳಿಂದ ಬರೆಸಿದ್ದೇನೆ, ಅಂಕವನ್ನೂ ಕೊಟ್ಟಿದ್ದೇನೆ. ಉಪಗ್ರಹದ ಜೊತೆಯಲ್ಲೇ ತಿರುಗುತ್ತಾ ಲೆಕ್ಕ ಮಾಡುವವರಿಗೆ ಅದೊಂದು ಉಪಾಯ, ತಪ್ಪೇನಿಲ್ಲ. ಆದರೆ ಹೊರಗೆ ನಿಂತು ನೋಡುವ ಮಗುವಿಗೆ ಅದು ದಾರಿ ತಪ್ಪಿಸುತ್ತದೆ. ಎರಡು ಬಲಗಳು ಒಂದನ್ನೊಂದು ಸರಿಗಟ್ಟಿದ್ದರೆ ಉಪಗ್ರಹ ಬಾಗುವುದೇಕೆ? ನೇರ ಗೆರೆಯಲ್ಲಿ ಹೊರಟುಹೋಗಬೇಕಿತ್ತು. ಅದರ ಮೇಲಿರುವುದು ಒಂದೇ ಎಳೆತ, ಭೂಮಿಯದು.

ಇನ್ನು ಡೀಸೆಲ್. ಬೋಟಿನ ಎಂಜಿನ್ ನಿಲ್ಲಿಸಿದರೆ ಬೋಟು ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ, ಏಕೆಂದರೆ ನೀರು ಅದನ್ನು ಹಿಡಿದು ನಿಲ್ಲಿಸುತ್ತದೆ. ಅಷ್ಟೂ ಡೀಸೆಲ್ ಖರ್ಚಾಗುವುದು ನೀರನ್ನು ಸೀಳಲು. ಚಂದ್ರನ ದಾರಿಯಲ್ಲಿ ಸೀಳಲು ನೀರೂ ಇಲ್ಲ, ಗಾಳಿಯೂ ಇಲ್ಲ. ಒಮ್ಮೆ ಸಿಕ್ಕಿದ ಅಡ್ಡವೇಗ ಹಾಗೆಯೇ ಉಳಿಯುತ್ತದೆ. ಭೂಮಿಯ ಎಳೆತ ಅದರ ದಿಕ್ಕನ್ನು ಬಾಗಿಸುತ್ತದೆಯೇ ಹೊರತು ವೇಗವನ್ನು ಕಿತ್ತುಕೊಳ್ಳುವುದಿಲ್ಲ. ರಾಕೆಟ್ಟು ಉರಿಸುವ ಇಂಧನದಲ್ಲಿ ಸಿಂಹಪಾಲು ಎತ್ತರಕ್ಕೆ ಖರ್ಚಾಗುತ್ತದೆ ಎಂದು ಎಲ್ಲರೂ ಎಣಿಸುತ್ತಾರೆ. ವಾಸ್ತವದಲ್ಲಿ 400 ಕಿಲೋಮೀಟರ್ ಏರುವುದು ಸಣ್ಣ ಕೆಲಸ. ಸೆಕೆಂಡಿಗೆ ಏಳೆಂಟು ಕಿಲೋಮೀಟರ್ ಅಡ್ಡವೇಗ ಗಳಿಸುವುದೇ ದೊಡ್ಡ ಕೆಲಸ. ರಾಕೆಟ್ಟು ನೆಟ್ಟಗೆ ಮೇಲೆದ್ದು ಬಳಿಕ ಕಡಲಿನ ಕಡೆಗೆ ವಾಲುವುದನ್ನು ಟಿವಿಯಲ್ಲಿ ಗಮನಿಸಿರಬಹುದು.

ಅದೇ ನೆಪದಲ್ಲಿ ಒಂದು ಮಾತು. ಕುಂದಾಪುರದಿಂದ ನೇರ ಪೂರ್ವಕ್ಕೆ ಗೆರೆ ಎಳೆದರೆ ಅದು ಶ್ರೀಹರಿಕೋಟಾದ ಹತ್ತಿರವೇ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಅಕ್ಷಾಂಶ ಹೆಚ್ಚುಕಡಿಮೆ ಒಂದೇ. ಹಾಗಿದ್ದರೆ ನಮ್ಮ ಕರಾವಳಿಯಿಂದಲೇ ಹಾರಿಸಬಾರದೇ ಎಂದು ಪಿಲಿಕುಳದ ತಾರಾಲಯದಲ್ಲಿ ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಭೂಮಿ ಪೂರ್ವಕ್ಕೆ ತಿರುಗುತ್ತದೆ. ನಮ್ಮ ಅಕ್ಷಾಂಶದಲ್ಲಿ ಆ ವೇಗ ಸೆಕೆಂಡಿಗೆ ಸುಮಾರು 450 ಮೀಟರ್. ಪೂರ್ವಕ್ಕೆ ಹಾರಿಸಿದರೆ ಅಷ್ಟು ವೇಗ ಪುಕ್ಕಟೆಯಾಗಿ ಸಿಗುತ್ತದೆ. ಶ್ರೀಹರಿಕೋಟಾದ ಪೂರ್ವಕ್ಕೆ ಕಡಲು. ಮಲ್ಪೆಯ ಪೂರ್ವಕ್ಕೆ ಹೆಬ್ರಿ, ಆಗುಂಬೆ, ತೀರ್ಥಹಳ್ಳಿ. ರಾಕೆಟ್ಟು ಕಳಚುವ ಖಾಲಿ ಹಂತಗಳು ಯಾರ ಹಂಚಿನ ಮನೆಯ ಮೇಲೆ ಬೀಳಬೇಕು?

ತೇಲುವ ಯಾನಿಗಳಿಗೆ ಬರುತ್ತೇನೆ. ಬಾವಿಯಿಂದ ತುಂಬಿದ ಕೊಡ ಎಳೆಯುವಾಗ ಹಗ್ಗ ತುಂಡಾಯಿತು ಎನ್ನಿ. ಕೊಡವೂ ಬೀಳುತ್ತದೆ, ಒಳಗಿನ ನೀರೂ ಅಷ್ಟೇ ವೇಗದಲ್ಲಿ ಬೀಳುತ್ತದೆ. ಆ ಅರೆಗಳಿಗೆ ನೀರು ಕೊಡದ ತಳವನ್ನು ಒತ್ತುವುದಿಲ್ಲ. ನಿಲ್ದಾಣ ಹಗ್ಗ ತುಂಡಾದ ಕೊಡ, ಯಾನಿಗಳು ಒಳಗಿನ ನೀರು. ನಮ್ಮ ಕೊಡಕ್ಕೆ ತಳ ಸಿಗುತ್ತದೆ, ಅವರದಕ್ಕೆ ಸಿಗುವುದಿಲ್ಲ. ವ್ಯತ್ಯಾಸ ಅಷ್ಟೆ.

ಎಲ್ಲ ಉಪಗ್ರಹಗಳೂ ಒಂದೇ ವೇಗದಲ್ಲಿ ಓಡುವುದಿಲ್ಲ, ಮತ್ತು ಅವುಗಳಿಗೆ ಬೇಕಾದ ವೇಗವನ್ನು ನಾವು ಇಷ್ಟಬಂದಂತೆ ಆರಿಸಲಾಗುವುದಿಲ್ಲ. ಎತ್ತರ ಗೊತ್ತಾದರೆ ವೇಗ ಗೊತ್ತಾದಂತೆ. ಮೇಲೆ ಎಳೆತ ಸಡಿಲ, ಆದ್ದರಿಂದ ಓಟವೂ ನಿಧಾನ. 400 ಕಿಲೋಮೀಟರ್ ಎತ್ತರದ ನಿಲ್ದಾಣ ಸೆಕೆಂಡಿಗೆ 7.7 ಕಿಲೋಮೀಟರ್ ಓಡಿ ಒಂದೂವರೆ ಗಂಟೆಗೆ ಒಂದು ಸುತ್ತು ಮುಗಿಸುತ್ತದೆ. ನಿಮ್ಮ ಬೋಟಿನ ಜಿಪಿಎಸ್ ಉಪಗ್ರಹಗಳು 20,200 ಕಿಲೋಮೀಟರ್ ಮೇಲೆ ಸೆಕೆಂಡಿಗೆ 3.9 ಕಿಲೋಮೀಟರಿನಂತೆ ಸುತ್ತುತ್ತವೆ. ಒಂದು ಸುತ್ತಿಗೆ ಸುಮಾರು ಹನ್ನೆರಡು ಗಂಟೆ. ಚಂದ್ರನದು ಸೆಕೆಂಡಿಗೆ ಒಂದೇ ಕಿಲೋಮೀಟರ್ ಚಿಲ್ಲರೆ. ಉಪಗ್ರಹದ ತೂಕ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಚಂದ್ರನ ದಾರಿಯಲ್ಲಿ ಚಂದ್ರನ ವೇಗದಲ್ಲಿ ಒಂದು ತೆಂಗಿನಕಾಯಿಯನ್ನು ಬಿಟ್ಟರೆ ಅದೂ ತಿಂಗಳಿಗೊಂದು ಸುತ್ತು ಹಾಕುತ್ತದೆ. ದೂರಕ್ಕೂ ಸುತ್ತಿನ ಕಾಲಕ್ಕೂ ಇರುವ ಈ ನಂಟನ್ನು ಖಗೋಳಶಾಸ್ತ್ರಜ್ಞ ಯೋಹಾನೆಸ್ ಕೆಪ್ಲರ್ 1619ರಲ್ಲಿಯೇ ಗ್ರಹಗಳ ವಿಷಯದಲ್ಲಿ ಹೇಳಿದ್ದರು. 1610ರಲ್ಲಿ ಗೆಲಿಲಿಯೋ ಕಂಡ ಗುರುಗ್ರಹದ ನಾಲ್ಕು ಚಂದ್ರರೂ ಅದನ್ನೇ ಪಾಲಿಸುತ್ತಾರೆ: ಹತ್ತಿರದ ಅಯೋಗೆ ಒಂದು ಸುತ್ತಿಗೆ 1.77 ದಿನ, ದೂರದ ಕ್ಯಾಲಿಸ್ಟೋಗೆ 16.7 ದಿನ. ಮಂಗಳನ ಚಂದ್ರ ಫೋಬೋಸ್ ಎಷ್ಟು ಹತ್ತಿರದಲ್ಲಿದೆ ಎಂದರೆ 7 ಗಂಟೆ 39 ನಿಮಿಷಕ್ಕೆ ಸುತ್ತು ಮುಗಿಸುತ್ತದೆ. ಮಂಗಳ ತನ್ನ ಸುತ್ತ ತಾನು ತಿರುಗಲು 24 ಗಂಟೆಗೂ ಹೆಚ್ಚು ಬೇಕು. ಹಾಗಾಗಿ ಅಲ್ಲಿ ನಿಂತವರಿಗೆ ಆ ಚಂದ್ರ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ.

ಕೆಪ್ಲರ್ ಹೇಳಿದ ಇನ್ನೊಂದು ನಿಯಮ ನಿಮ್ಮ ಮನೆಯ ಗೋಡೆಯ ಮೇಲೆಯೇ ತೂಗಾಡುತ್ತಿದೆ. ಚಂದ್ರನ ದಾರಿ ಅಚ್ಚುಕಟ್ಟಾದ ವೃತ್ತವಲ್ಲ. ಹತ್ತಿರ ಬಂದಾಗ ಸುಮಾರು 3,63,000 ಕಿಲೋಮೀಟರ್, ದೂರ ಹೋದಾಗ 4,05,000. ಹತ್ತಿರ ಬಂದಾಗ ಬೇಗ ಓಡುತ್ತಾನೆ, ದೂರದಲ್ಲಿ ತಡೆದು ನಡೆಯುತ್ತಾನೆ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿಯಲು ಬೇಕಾದ ಕಾಲವೇ ಒಂದು ತಿಥಿ. ಚಂದ್ರ ಓಡುವಾಗ ತಿಥಿ 20 ಗಂಟೆಗೆ ಮುಗಿದುಹೋಗುತ್ತದೆ, ನಡೆಯುವಾಗ 26 ಗಂಟೆಗೂ ಮೀರಿ ಎಳೆಯುತ್ತದೆ. ಪಂಚಾಂಗದಲ್ಲಿ ಒಂದು ತಿಥಿ ಲೋಪವಾಗುವುದು, ಇನ್ನೊಂದು ಎರಡು ಸೂರ್ಯೋದಯ ಕಾಣುವುದು ಇದರಿಂದಲೇ. ಏಕಾದಶಿ ಇಂದೋ ನಾಳೆಯೋ ಎಂದು ಉಡುಪಿಯ ರಥಬೀದಿಯಲ್ಲಿ ನಡೆಯುವ ಚರ್ಚೆಯ ಮೂಲ ಚಂದ್ರನ ಈ ದೀರ್ಘವೃತ್ತ. ನಮ್ಮ ಹಳೆಯ ಗಣಿತಜ್ಞರು ದೀರ್ಘವೃತ್ತದ ಮಾತು ಎತ್ತದಿದ್ದರೂ ಚಂದ್ರನ ಈ ಏರುಪೇರನ್ನು ಮಂದಫಲ ಎಂಬ ತಿದ್ದುಪಡಿಯಿಂದ ಲೆಕ್ಕಕ್ಕೆ ಹಿಡಿದಿದ್ದರು.

ಈಗ ನಿಮ್ಮ ತಾರಸಿಗೆ ಹತ್ತೋಣ. ಎತ್ತರ ಹೆಚ್ಚಿದಂತೆ ಸುತ್ತಿನ ಕಾಲ ಒಂದೂವರೆ ಗಂಟೆಯಿಂದ 27 ದಿನದವರೆಗೆ ಬೆಳೆಯುವುದಾದರೆ, ನಡುವೆ ಎಲ್ಲೋ ಒಂದು ಎತ್ತರದಲ್ಲಿ ಅದು ಭೂಮಿಯ ತಿರುಗುವ ಕಾಲಕ್ಕೆ, ಎಂದರೆ 23 ಗಂಟೆ 56 ನಿಮಿಷಕ್ಕೆ, ಸರಿಹೊಂದಲೇಬೇಕು. ಆ ಎತ್ತರ 35,786 ಕಿಲೋಮೀಟರ್. ಸಮಭಾಜಕದ ಮೇಲೆ ಅಲ್ಲಿ ಪೂರ್ವಾಭಿಮುಖವಾಗಿ ಸುತ್ತುವ ಉಪಗ್ರಹ ಭೂಮಿಯ ಜೊತೆಗೇ ತಿರುಗುತ್ತದೆ. ರಥದ ಪಕ್ಕದಲ್ಲಿ ಅದೇ ನಡಿಗೆಯಲ್ಲಿ ನಡೆಯುವವನು ರಥದ ಮೇಲೆ ಕುಳಿತವರಿಗೆ ಕದಲದಂತೆ ಕಾಣುವ ಹಾಗೆ, ನಮಗೆ ಅದು ಆಕಾಶಕ್ಕೆ ಮೊಳೆ ಹೊಡೆದಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಸೆಕೆಂಡಿಗೆ ಮೂರು ಕಿಲೋಮೀಟರ್ ಓಡುತ್ತಿರುತ್ತದೆ. ಇದಕ್ಕೆ ಭೂಸ್ಥಿರ ಕಕ್ಷೆ ಎಂದು ಹೆಸರು. ಮೂರು ಉಪಗ್ರಹಗಳಿಂದ ಇಡೀ ಲೋಕಕ್ಕೆ ಪ್ರಸಾರ ಮಾಡಬಹುದೆಂದು ವಿಜ್ಞಾನ ಲೇಖಕ ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿ ಬರೆದಾಗ ಆಕಾಶದಲ್ಲಿ ಒಂದೂ ಕೃತಕ ಉಪಗ್ರಹ ಇರಲಿಲ್ಲ. ಮೊದಲನೆಯದಾದ ಸ್ಪುಟ್ನಿಕ್ ಹಾರಿದ್ದು 1957ರ ಅಕ್ಟೋಬರ್ 4ರಂದು.

ದೂರದರ್ಶನದ ಉಚಿತ ಡಿಟಿಎಚ್ ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯ ಮೇಲಿನ ಜಿಸ್ಯಾಟ್-15ರಿಂದ. ನಮ್ಮೂರಿನಿಂದ ಅದು ಆಗ್ನೇಯ ದಿಕ್ಕಿಗೆ, ದಿಗಂತದಿಂದ ಸುಮಾರು 63 ಡಿಗ್ರಿ ಮೇಲೆ ಕುಳಿತಿದೆ. ಡಿಶ್‌ನ ತಟ್ಟೆ ಅಷ್ಟು ಮೇಲಕ್ಕೆ ನೋಡುವಂತೆ ಕಾಣುವುದಿಲ್ಲ. ಸಂಕೇತ ಹಿಡಿಯುವ ಗ್ರಾಹಕವನ್ನು ತಟ್ಟೆಯ ನಡುವಿನಿಂದ ತಪ್ಪಿಸಿ ಕೆಳಗೆ ಜೋಡಿಸಿರುವುದರಿಂದ ತಟ್ಟೆ ನಿಂತಂತೆ ಕಂಡರೂ ನೋಟ ಮೇಲಕ್ಕಿರುತ್ತದೆ. ಕಳೆದ ಮಳೆಗಾಲ ತೆಂಗಿನ ಮಡಲು ಬಿದ್ದು ನಮ್ಮ ಡಿಶ್ ಎರಡು ಬೆರಳಿನಷ್ಟು ತಿರುಗಿತು, ಪರದೆ ಖಾಲಿ. 36 ಸಾವಿರ ಕಿಲೋಮೀಟರ್ ಆಚೆ ಅದು ಎಷ್ಟು ದೂರ ತಪ್ಪಿ ನೋಡುತ್ತಿತ್ತು ಎಂದು ನೀವೇ ಲೆಕ್ಕ ಹಾಕಿ. ಜುಲೈಯ ಜಡಿಮಳೆಗೆ ಚಿತ್ರ ಹೋಗುವುದು ಬೇರೆ ವಿಷಯ, ಆ ತರಂಗಗಳನ್ನು ಮಳೆಹನಿಗಳು ನುಂಗುತ್ತವೆ. ಮಾರ್ಚ್ ನಡುವಿನಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಆಕಾಶ ಶುಭ್ರವಾಗಿದ್ದರೂ ಕೆಲವು ದಿನ ಕೆಲವೇ ನಿಮಿಷ ಚಿತ್ರ ಕೆಡುವುದುಂಟು. ಆಗ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬಂದು ಡಿಶ್‌ನ ಕಿವಿಯಲ್ಲಿ ಅರಚುತ್ತಿರುತ್ತಾನೆ. ಕೇಬಲ್ಲಿನವರನ್ನು ಬೈಯಬೇಡಿ.

ಹಾಗಿದ್ದರೆ ಉಡುಪಿಯ ನೆತ್ತಿಯ ಮೇಲೆಯೇ ಒಂದನ್ನು ನಿಲ್ಲಿಸಬಾರದೇಕೆ? ಆಗುವುದಿಲ್ಲ. ಭೂಮಿಯ ಎಳೆತ ಕೇಂದ್ರದ ಕಡೆಗೆ. ಆದ್ದರಿಂದ ಯಾವ ಕಕ್ಷೆಯ ಸಮತಲವೇ ಆಗಲಿ ಭೂಕೇಂದ್ರವನ್ನು ಹಾದುಹೋಗಲೇಬೇಕು. ಸಮಭಾಜಕದ ಉತ್ತರಕ್ಕೆ ಬಂದ ಉಪಗ್ರಹ ಅಷ್ಟೇ ದಕ್ಷಿಣಕ್ಕೂ ಹೋಗಬೇಕು. ಜಿಪಿಎಸ್‌ನಂತೆ ಸ್ಥಳ ತೋರಿಸುವ ನಮ್ಮ ದೇಶದ ನಾವಿಕ್ ವ್ಯವಸ್ಥೆಯ ಕೆಲವು ಉಪಗ್ರಹಗಳು ಅದೇ ಎತ್ತರದಲ್ಲಿದ್ದರೂ 29 ಡಿಗ್ರಿ ವಾಲಿದ ಕಕ್ಷೆಯಲ್ಲಿವೆ. ನೆಲದಿಂದ ನೋಡಿದರೆ ಅವು ದಿನಕ್ಕೊಮ್ಮೆ ಆಕಾಶದಲ್ಲಿ ಇಂಗ್ಲಿಷಿನ 8 ಬರೆಯುತ್ತವೆ. ಜಿಪಿಎಸ್ ಗ್ರಾಹಕಕ್ಕೆ ಮುಖವಿಲ್ಲದಿರುವುದೂ ಇದೇ ಕಾರಣಕ್ಕೆ: ಅದರ ಉಪಗ್ರಹಗಳು ಹುಟ್ಟುತ್ತಾ ಮುಳುಗುತ್ತಾ ಇರುತ್ತವೆ, ಅದು ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳಬೇಕು, ಕನಿಷ್ಠ ನಾಲ್ಕರ ಮಾತು ಕೇಳಿದರೆ ಬೋಟು ಎಲ್ಲಿದೆ ಎಂದು ಹೇಳುತ್ತದೆ.

ಡೀಸೆಲ್ಲಿನ ಪ್ರಶ್ನೆಗೆ "ಬೇಡ" ಎಂದು ಹೇಳಿದೆನಲ್ಲ, ಅದನ್ನು ಈಗ ಸ್ವಲ್ಪ ತಿದ್ದುತ್ತೇನೆ. ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವಾಗ ಹಾಸನ ಸಿಗುತ್ತದೆ. ಅಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ ಹಗಲಿರುಳು ಕುಳಿತವರ ಕೆಲಸಗಳಲ್ಲಿ ಒಂದು, ಈ ಭೂಸ್ಥಿರ ಉಪಗ್ರಹಗಳು ಜಾಗ ಬಿಟ್ಟು ಕದಲದಂತೆ ನೋಡಿಕೊಳ್ಳುವುದು. ಸೂರ್ಯ ಚಂದ್ರರ ಎಳೆತ ಅವುಗಳ ಕಕ್ಷೆಯನ್ನು ವರ್ಷವರ್ಷವೂ ಒಂದಿಷ್ಟು ವಾಲಿಸುತ್ತದೆ; ಭೂಮಿ ಸರಿಯಾದ ಗುಂಡಗಿಲ್ಲದಿರುವುದು ಪೂರ್ವ ಪಶ್ಚಿಮಕ್ಕೆ ತಳ್ಳುತ್ತದೆ. ಅದನ್ನು ತಿದ್ದಲು ಉಪಗ್ರಹ ತನ್ನ ಪುಟ್ಟ ಎಂಜಿನ್ನುಗಳನ್ನು ಆಗಾಗ ಉರಿಸುತ್ತದೆ. ಸುತ್ತಲು ಇಂಧನ ಬೇಡ, ಸಾಲಿನಲ್ಲಿ ನಿಲ್ಲಲು ಬೇಕು. ಯಂತ್ರಗಳೆಲ್ಲ ಸರಿಯಿದ್ದರೂ ಇಂಧನ ತೀರಿದರೆ ಉಪಗ್ರಹದ ನೌಕರಿ ಮುಗಿಯಿತು. ಕೊನೆಯ ಗುಟುಕನ್ನು ಉಳಿಸಿಟ್ಟುಕೊಂಡು ಅದನ್ನು ಸುಮಾರು 300 ಕಿಲೋಮೀಟರ್ ಮೇಲಕ್ಕೆ ತಳ್ಳಿ, ಬೇರೆಯವರಿಗೆ ಅಡ್ಡವಾಗದಂತೆ ಬಿಟ್ಟುಬಿಡುತ್ತಾರೆ.

ಕೆಳಗಿನ ಕಕ್ಷೆಯವರ ಕಷ್ಟ ಬೇರೆ. 400–500 ಕಿಲೋಮೀಟರ್ ಎತ್ತರದಲ್ಲಿಯೂ ಗಾಳಿಯ ಎಳೆ ಇರುತ್ತದೆ. ನಿಲ್ದಾಣ ತಿಂಗಳಿಗೆ ಒಂದೆರಡು ಕಿಲೋಮೀಟರ್ ಕೆಳಗಿಳಿಯುತ್ತದೆ, ಆಗಾಗ ಅದನ್ನು ಎತ್ತಿಕೊಡಬೇಕು. ಎತ್ತದಿದ್ದರೆ ಏನಾಗುತ್ತದೆ ಎಂಬುದು ನನ್ನ ತಲೆಮಾರಿನವರಿಗೆ ಚೆನ್ನಾಗಿ ನೆನಪಿದೆ. 1979ರ ಜುಲೈನಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬೀಳುತ್ತದೆ ಎಂದು ಸುದ್ದಿಯಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ಸೂರ್ಯನ ಚಟುವಟಿಕೆ ಹೆಚ್ಚಿ ಮೇಲಿನ ಗಾಳಿ ಉಬ್ಬಿದ್ದರಿಂದ ಅದು ಎಣಿಸಿದ್ದಕ್ಕಿಂತ ಬೇಗ ಇಳಿದಿತ್ತು. ನಮ್ಮಜ್ಜಿ ಒಳಕೋಣೆಯಲ್ಲಿ ಮಲಗುವುದಿಲ್ಲ ಎಂದು ಹಠ ಹಿಡಿದರು. ನೆರೆಮನೆಯ ಹಿರಿಯರು ಮಳೆ ಬಿಟ್ಟ ಮೇಲೂ ಕೊಡೆ ಮಡಚಲಿಲ್ಲ. ಅದು ಜುಲೈ 11ರಂದು ಹಿಂದೂ ಮಹಾಸಾಗರದ ಮೇಲೂ ಪಶ್ಚಿಮ ಆಸ್ಟ್ರೇಲಿಯಾದಲ್ಲಿಯೂ ಚೂರುಚೂರಾಗಿ ಬಿತ್ತು. ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟದ ಕೊನೆಯೂ ಇಂಥದೇ, ಗದ್ದಲವಿಲ್ಲದೆ. ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಮುಂದಾಳ್ತನದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಆ 360 ಕಿಲೋ ತೂಕದ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು. ಸುಮಾರು 600 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ಇಳಿಯುತ್ತಾ 1992ರ ಫೆಬ್ರವರಿಯಲ್ಲಿ ವಾತಾವರಣವನ್ನು ಹೊಕ್ಕಿತು.

ಇಳಿಯುವಾಗ ನಡೆಯುವ ಒಂದು ವಿಚಿತ್ರವನ್ನು ಮಗಳಿಗೆ ಹೇಳಿ, ಅವಳಿಗೆ ಇಷ್ಟವಾಗಬಹುದು. ಗಾಳಿ ತಡೆದಷ್ಟೂ ಉಪಗ್ರಹದ ವೇಗ ಹೆಚ್ಚುತ್ತದೆ! ತಡೆ ಅದನ್ನು ಕೆಳಗಿನ ಕಕ್ಷೆಗೆ ಇಳಿಸುತ್ತದೆ, ಕೆಳಗಿನ ಕಕ್ಷೆಯಲ್ಲಿ ಓಟ ಜೋರು. ಇದರ ತಿರುವುಮುರುವೂ ನಿಜ. ಮುಂದಕ್ಕೆ ತಳ್ಳಿದರೆ ಮೇಲಕ್ಕೇರುತ್ತದೆ, ಏರಿದ ಮೇಲೆ ನಿಧಾನವಾಗುತ್ತದೆ. ಮುಂದಿರುವ ಬೋಟನ್ನು ಹಿಡಿಯಲು ಬೋಟು ನಡೆಸುವ ತಾಂಡೇಲ ಎಂಜಿನ್ ಜೋರು ಮಾಡುತ್ತಾನೆ. ಕಕ್ಷೆಯಲ್ಲಿ ಹಾಗೆ ಮಾಡಿದರೆ ಮೇಲೆ ಹೋಗಿ ಹಿಂದುಳಿಯುತ್ತೀರಿ. ಮುಂದಿನದನ್ನು ಹಿಡಿಯಬೇಕಾದರೆ ಮೊದಲು ವೇಗ ತಗ್ಗಿಸಿ ಕೆಳಗಿಳಿಯಬೇಕು, ಕೆಳಗಿನ ದಾರಿಯಲ್ಲಿ ಮುಂದೆ ಸಾಗಿ ಮತ್ತೆ ಏರಬೇಕು. 2025ರ ಜನವರಿ 16ರಂದು ಇಸ್ರೋ ಸ್ಪೇಡೆಕ್ಸ್ ಎಂಬ ಪ್ರಯೋಗದ ಎರಡು ಉಪಗ್ರಹಗಳನ್ನು ಆಕಾಶದಲ್ಲಿಯೇ ಜೋಡಿಸಿತಲ್ಲ, ಅಲ್ಲಿನ ಕಷ್ಟದಲ್ಲಿ ಇದೂ ಒಂದು.

ಇನ್ನು ಅವಳ ಮರುಪ್ರಶ್ನೆ: ಚಂದ್ರ ಕಡಲನ್ನು ಎಳೆಯುವುದು ಹೇಗೆ? ಭೂಮಿ ಚಂದ್ರನನ್ನು ಎಳೆಯುವಂತೆಯೇ ಚಂದ್ರನೂ ಭೂಮಿಯನ್ನು ಎಳೆಯುತ್ತಾನೆ. ಅವನ ಕಡೆಗಿರುವ ನೀರಿಗೆ ಎಳೆತ ಹೆಚ್ಚು, ಹಿಂಬದಿಯ ನೀರಿಗೆ ಕಡಿಮೆ. ಆದ್ದರಿಂದ ಎರಡೂ ಕಡೆ ಕಡಲು ಉಬ್ಬುತ್ತದೆ, ನಮಗೆ ದಿನಕ್ಕೆ ಎರಡು ಉಬ್ಬರ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯನೂ ಕೈಜೋಡಿಸುವುದರಿಂದ ನೀರು ಅಳಿವೆಯೊಳಗೆ ಹೆಚ್ಚು ನುಗ್ಗುತ್ತದೆ. ಇದು ನಿಮಗೆ ನಾನು ಹೇಳಬೇಕಾದ್ದಲ್ಲ.

ಹೇಳಬೇಕಾದದ್ದು ಇಷ್ಟು. ಭೂಮಿ ದಿನಕ್ಕೊಂದು ಸುತ್ತು ತಿರುಗುತ್ತದೆ, ಚಂದ್ರ ತಿಂಗಳಿಗೊಂದು ಸುತ್ತು ಬರುತ್ತಾನೆ. ಹೀಗಾಗಿ ಭೂಮಿಯ ಓಟ ಆ ಉಬ್ಬನ್ನು ಚಂದ್ರನ ನೇರಕ್ಕಿಂತ ತುಸು ಮುಂದಕ್ಕೆ ಒಯ್ದುಬಿಡುತ್ತದೆ. ಮುಂದಿರುವ ಆ ಉಬ್ಬು ಚಂದ್ರನನ್ನು ತನ್ನ ಕಡೆಗೆ, ಎಂದರೆ ಅವನ ದಾರಿಯಲ್ಲಿ ಮುಂದಕ್ಕೆ, ಸಣ್ಣಗೆ ಜಗ್ಗುತ್ತದೆ. ಮುಂದಕ್ಕೆ ತಳ್ಳಿದರೆ ಏನಾಗುತ್ತದೆ ಎಂದು ಈಗಷ್ಟೇ ನೋಡಿದೆವು: ಮೇಲಕ್ಕೇರುತ್ತಾನೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. 1969ರಿಂದ ಯಾನಿಗಳು ಅಲ್ಲಿ ಇಟ್ಟು ಬಂದ ಕನ್ನಡಿಗಳಿಗೆ ಇಲ್ಲಿಂದ ಲೇಸರ್ ಬಿಟ್ಟು, ಅದು ಎರಡೂವರೆ ಸೆಕೆಂಡಿನಲ್ಲಿ ಮರಳುವುದನ್ನು ಅಳೆದು ಇದನ್ನು ಕಂಡುಕೊಂಡಿದ್ದಾರೆ. ಮಂಗಳನ ಫೋಬೋಸ್‌ಗೆ ಇದರ ತದ್ವಿರುದ್ಧ. ಅದು ಮಂಗಳ ತಿರುಗುವುದಕ್ಕಿಂತ ಬೇಗ ಸುತ್ತುವುದರಿಂದ ಉಬ್ಬು ಹಿಂದೆ ಬಿದ್ದು ಹಿಂದಕ್ಕೆ ಜಗ್ಗುತ್ತದೆ, ಅದು ನಿಧಾನವಾಗಿ ಕೆಳಗಿಳಿಯುತ್ತಿದೆ.

ಆದ್ದರಿಂದ ಮಗಳಿಗೆ ಹೀಗೆ ಹೇಳಬಹುದು. ಸುತ್ತಲು ಚಂದ್ರನಿಗೆ ಡೀಸೆಲ್ ಬೇಡ. ಆದರೂ ಒಂದು ತೊಟ್ಟು ಹಾಕುವವರಿದ್ದಾರೆ, ನಮ್ಮ ಕಡಲೇ ದಿನಕ್ಕೆರಡು ಬಾರಿ ಉಬ್ಬಿ ಹಾಕುತ್ತಿದೆ. ನೀವು ಲೆಕ್ಕ ಬರೆಯುವವರು, ಅದರ ಖರ್ಚು ಯಾರ ಖಾತೆಗೆ ಎಂದು ಕೇಳಿಯೇ ಕೇಳುತ್ತೀರಿ. ಭೂಮಿಯ ಖಾತೆಗೆ. ಕಡಲನ್ನು ಉಜ್ಜುತ್ತಾ ತಿರುಗುವ ಭೂಮಿಯ ಓಟ ಕುಂದುತ್ತಿದೆ, ನೂರು ವರ್ಷಕ್ಕೆ ನಮ್ಮ ದಿನ ಸುಮಾರು ಎರಡು ಮಿಲಿಸೆಕೆಂಡು ಉದ್ದವಾಗುತ್ತಿದೆ.